ಮಾತ್ರೆ ಮೊದಲೋ, ವರದಿ ಮೊದಲೋ: ಅಮೆರಿಕದ ವಲಸೆ ಅರ್ಜಿಗಾಗಿ ಧಾರವಾಡದಲ್ಲಿ ನಡೆದ ಒಂದು ಮನೋ ಮೌಲ್ಯಮಾಪನ

ಇಲ್ಲಿ ಬರುವವರ ಹೆಸರು, ಉದ್ಯೋಗ, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ್ದಾರೆ. ನಾನು ಧಾರವಾಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಮಕ್ಕಳು ಅಮೆರಿಕ, ಕೆನಡಾ ಅಂತ ಹೋಗಿರದ ಓಣಿ ಹುಬ್ಬಳ್ಳಿ-ಧಾರವಾಡದಲ್ಲಿ ಈಗ ಸಿಗುವುದು ಕಷ್ಟ. ಹಾಗಾಗಿ ವಲಸೆ ಅರ್ಜಿಯ ಜೊತೆ ಇಡಲು ಮಾನಸಿಕ ಸ್ಥಿತಿಯ ವರದಿ ಬೇಕು ಅಂತ ಕೇಳಿಕೊಂಡು ಬರುವವರೂ ಇದ್ದಾರೆ. ಬರುವವರಲ್ಲಿ ಹೆಚ್ಚಿನವರು ಅದನ್ನು 'ಸರ್ಟಿಫಿಕೇಟ್' ಅನ್ನುತ್ತಾರೆ. ಒಂದು ಸಹಿ, ಒಂದು ಸೀಲು, ಮುಗಿಯಿತು ಅಂದುಕೊಂಡಿರುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಕೈಹಾಕುವ ನಮ್ಮವರಿಗೆ ಉಪಯೋಗವಾಗಲಿ ಅಂತ ಈ ಪ್ರಕರಣ ಬರೆಯುತ್ತಿದ್ದೇನೆ.

ಹಿನ್ನೆಲೆ

ಬಸವರಾಜ ಹಾವೇರಿ ಜಿಲ್ಲೆಯ ಒಂದು ಹಳ್ಳಿಯವರು. ಅಣ್ಣನಿಗೆ ಹುಬ್ಬಳ್ಳಿಯಲ್ಲಿ ಅಂಗಡಿ ಇದೆ, ಮನೆಯವರೆಲ್ಲ ಈಗ ಅಲ್ಲೇ ಇದ್ದಾರೆ. ಬಸವರಾಜ ವಿಸಿಟರ್ ವೀಸಾದ ಮೇಲೆ ಅಮೆರಿಕಕ್ಕೆ ಹೋದವರು ಅವಧಿ ಮುಗಿದ ಮೇಲೂ ವಾಪಸ್ ಬರಲಿಲ್ಲ. ಪರಿಚಯದವರ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು ಕೆಲವು ವರ್ಷ ಅಲ್ಲೇ ಉಳಿದರು. ಅಲ್ಲೇ ವೀಣಾ ಅವರ ಪರಿಚಯವಾಯಿತು. ವೀಣಾ ಹುಟ್ಟಿ ಬೆಳೆದದ್ದೆಲ್ಲ ಅಮೆರಿಕದಲ್ಲಿ, ಅಲ್ಲಿನ ಪ್ರಜೆ. ಅವರ ತಂದೆ ತಾಯಿ ಧಾರವಾಡದ ಕಡೆಯವರು. ಮದುವೆಯಾಯಿತು, ಒಬ್ಬ ಮಗ ಹುಟ್ಟಿದ.

ಕಾನೂನುಬದ್ಧವಾಗಿ ದೇಶದೊಳಗೆ ಬಂದು ಅಮೆರಿಕದ ಪ್ರಜೆಯನ್ನು ಮದುವೆಯಾದವರು, ವೀಸಾ ಅವಧಿ ಮೀರಿದ್ದರೂ, ಸಾಮಾನ್ಯವಾಗಿ ಅಲ್ಲೇ ಇದ್ದುಕೊಂಡು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಇವರು ವಕೀಲರ ಫೀಸಿಗೆ ದುಡ್ಡು ಕೂಡಿಸುತ್ತಿದ್ದರು. ಅಷ್ಟರಲ್ಲಿ ಬಸವರಾಜರ ತಂದೆಗೆ ಲಕ್ವ ಹೊಡೆಯಿತು. ಬಸವರಾಜ ಯಾರನ್ನೂ ಕೇಳದೆ ವಿಮಾನ ಹತ್ತಿದರು. ತಂದೆಯ ಮುಖ ನೋಡಲು ಸಿಕ್ಕಿತು. ವಾಪಸ್ ಹೋಗುವ ದಾರಿ ಮುಚ್ಚಿತು.

ಅಮೆರಿಕ 1996ರಲ್ಲಿ ತಂದ ಕಾನೂನಿನ ಪ್ರಕಾರ, ಅನುಮತಿ ಇಲ್ಲದೆ 180 ದಿನಕ್ಕಿಂತ ಜಾಸ್ತಿ, ಆದರೆ ಒಂದು ವರ್ಷಕ್ಕಿಂತ ಕಡಿಮೆ ಉಳಿದು ತಾವಾಗೇ ಹೊರಬಿದ್ದವರಿಗೆ 3 ವರ್ಷ ಮರುಪ್ರವೇಶವಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಉಳಿದಿದ್ದರೆ 10 ವರ್ಷ. ಈ ತಡೆ ಬೀಳುವುದು ದೇಶ ಬಿಟ್ಟಾಗ. ಅಲ್ಲೇ ಕೂತಿದ್ದರೆ ಬೀಳುತ್ತಿರಲಿಲ್ಲ. ಇದನ್ನು ಬಸವರಾಜರಿಗೆ ಮೊದಲೇ ಯಾರಾದರೂ ಹೇಳಿದ್ದರೆ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಈ ತಡೆಗೆ ವಿನಾಯಿತಿ ಇದೆ. ಹೆಂಡತಿ ಹಾಕಿದ ಅರ್ಜಿ ಮಂಜೂರಾಗಿ, ಮುಂಬಯಿ ಕಾನ್ಸುಲೇಟ್‌ನಲ್ಲಿ ಇಂಟರ್‌ವ್ಯೂ ಆಗಿ, ಅಲ್ಲಿ 'ನಿಮಗೆ ತಡೆ ಇದೆ' ಅಂದ ಮೇಲೆ ಐ-601 ಅನ್ನುವ ಫಾರ್ಮ್ ತುಂಬಬೇಕು. ಅದರಲ್ಲಿ ವಿಪರೀತ ಕಷ್ಟ, ಅವರ ಮಾತಿನಲ್ಲಿ 'ಎಕ್ಸ್‌ಟ್ರೀಮ್ ಹಾರ್ಡ್‌ಶಿಪ್', ಆಗುತ್ತದೆ ಅಂತ ತೋರಿಸಬೇಕು. ಮನೋ ಮೌಲ್ಯಮಾಪನದ ವರದಿ ಬೇಕಾಗುವುದು ಇಲ್ಲಿ.

ಆ ಹೊತ್ತಿಗೆ ವೀಣಾ ಸಂಬಳವಿಲ್ಲದ ರಜೆ ಹಾಕಿ, ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದಿದ್ದರು. ಅಮೆರಿಕದಲ್ಲಿರುವ ವಕೀಲರು ಒಂದು ಪತ್ರ ಬರೆದು, ಇಲ್ಲೇ ಯಾರಾದರೂ ಅರ್ಹರ ಹತ್ತಿರ ಮೌಲ್ಯಮಾಪನ ಮಾಡಿಸಿ ಅಂದಿದ್ದರು.

ಯಾರನ್ನು ನೋಡಬೇಕು?

ಮೊದಲ ದಿನ ಇಡೀ ಮನೆಯೇ ಕಾರು ಮಾಡಿಕೊಂಡು ಬಂದಿತ್ತು. ಬಸವರಾಜ, ಅವರ ಅಣ್ಣ, ತಾಯಿ, ವೀಣಾ, ಮಗು. ಫೈಲು ಅಣ್ಣನ ಕೈಯಲ್ಲಿತ್ತು. ಮಾತು ಶುರು ಮಾಡಿದ್ದು ತಾಯಿ.

"ನನ್ನ ಮಗಾ ರಾತ್ರಿ ನಿದ್ದಿನ ಮಾಡಂಗಿಲ್ರೀ ಮೇಡಂ. ಎರಡಕ್ಕ, ಮೂರಕ್ಕ ಎದ್ದು ಅಂಗಳದಾಗ ಅಡ್ಡಾಡತಾನ. ಅವನ್ನ ಚಂದಂಗ ನೋಡಿ ಬರೀರಿ."

ಬಸವರಾಜ ಸೊರಗಿದ್ದು ನಿಜ. ತಂದೆ ತೀರಿಕೊಂಡಿದ್ದರು. ಕೆಲಸ ಇಲ್ಲ, ಅಣ್ಣನ ಅಂಗಡಿಯಲ್ಲಿ ಕೂರುತ್ತಿದ್ದರು. ಆದರೆ ವಕೀಲರ ಪತ್ರವನ್ನು ನಿಧಾನವಾಗಿ ಓದಿದಾಗ ವಿಷಯ ಸ್ಪಷ್ಟವಾಯಿತು. ಈ ವಿನಾಯಿತಿಯಲ್ಲಿ ಅರ್ಜಿದಾರನ ಕಷ್ಟ ನೇರವಾಗಿ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಪ್ರಜೆಯಾದ ಅಥವಾ ಗ್ರೀನ್ ಕಾರ್ಡ್ ಇರುವ ಗಂಡ, ಹೆಂಡತಿ, ತಂದೆ ಅಥವಾ ತಾಯಿಗೆ ಆಗುವ ಕಷ್ಟ ಮಾತ್ರ ಲೆಕ್ಕ. ಮಗು ಕೂಡ ಆ ಪಟ್ಟಿಯಲ್ಲಿಲ್ಲ. ಮಗುವಿನ ಕಷ್ಟ, ಬಸವರಾಜರ ಕಷ್ಟ ಏನಿದ್ದರೂ ಅದು ವೀಣಾ ಮೇಲೆ ಏನು ಪರಿಣಾಮ ಮಾಡುತ್ತಿದೆ ಅನ್ನುವ ಮೂಲಕವೇ ಬರಬೇಕು.

ಅಂದರೆ ನಾನು ನೋಡಬೇಕಿದ್ದದ್ದು ಆವತ್ತು ಒಂದು ಮಾತೂ ಆಡದೆ ಮೂಲೆಯ ಕುರ್ಚಿಯಲ್ಲಿ ಮಗುವನ್ನು ಎತ್ತಿಕೊಂಡು ಕೂತಿದ್ದ ವೀಣಾ ಅವರನ್ನು. ಇದನ್ನು ಮನೆಯವರಿಗೆ ಬಿಡಿಸಿ ಹೇಳಿದೆ. ಅಣ್ಣನಿಗೆ ಸಮಾಧಾನವಾಗಲಿಲ್ಲ. ತಾಯಿ ಮಾತ್ರ ಬೇಗ ಹಿಡಿದುಕೊಂಡರು. "ಹಂಗಾರ ಅಲ್ಲೀ ಸರಕಾರದವ್ರು ಕೇಳೂದು ತಮ್ಮ ಹುಡಿಗೀಗೆ ಏನಾಗೇತಿ ಅಂತ. ನಮ್ಮ ಹುಡುಗನ್ನ ಕೇಳಾಂಗಿಲ್ಲ." ಇಷ್ಟು ಸರಳವಾಗಿ ನಾನೂ ಹೇಳಿರಲಿಲ್ಲ.

ಬಸವರಾಜರ ನೋವು ಅರ್ಜಿಗೆ ಬೇಡವಾದರೂ ನಮಗೆ ಬೇಡ ಅನ್ನಲು ಬರುವುದಿಲ್ಲ. ಅವರನ್ನು ಬೇರೆ ಸಹೋದ್ಯೋಗಿಯ ಹತ್ತಿರ ಕಳಿಸಿದೆ. ಅವರು ತಪ್ಪದೆ ಹೋದರು.

ಎರಡನೇ ಭೇಟಿಗೆ ವೀಣಾ ಒಬ್ಬರೇ ಬರಬೇಕು ಅಂತ ಕೇಳಿಕೊಂಡೆ. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹಿಡಿದು ಬಂದರು. ಆವತ್ತು ಅವರು ಮಾತಾಡಿದರು. ಮನೆ, ಅಡುಗೆ, ಅತ್ತೆ, ಮಗು ಅಂದರೆ ಕನ್ನಡ. ತಮ್ಮೊಳಗಿನ ವಿಷಯ ಬಂದ ಕೂಡಲೇ ಇಂಗ್ಲಿಷ್. ಕನ್ನಡ ಲಿಪಿ ಓದಲು ಬರುವುದಿಲ್ಲ. ಹಾಗಾಗಿ ಪ್ರಶ್ನಾವಳಿಗಳನ್ನು ಇಂಗ್ಲಿಷಿನಲ್ಲೇ ಕೊಟ್ಟೆ. ಮನೆಯವರನ್ನು ದುಭಾಷಿಯಾಗಿ ಕೂರಿಸುವ ಮಾತೇ ಇರಲಿಲ್ಲ. ಸೊಸೆಯ ದುಃಖ ಮೈದುನನ ಬಾಯಲ್ಲೋ ಭಾವನ ಬಾಯಲ್ಲೋ ಬಂದರೆ ಅದು ಆಕೆಯ ಮಾತಾಗಿ ಉಳಿಯುವುದಿಲ್ಲ, ಅಲ್ವಾ?

ಮುಚ್ಚಿಟ್ಟ ಸಂಗತಿ

ಪಿಎಚ್‌ಕ್ಯೂ-9 ಅನ್ನುವ ಖಿನ್ನತೆಯ ಪ್ರಶ್ನಾವಳಿಯಲ್ಲಿ 27ಕ್ಕೆ 17 ಬಂತು. 15ರಿಂದ 19ರವರೆಗಿನ ಅಂಕ ಸಾಕಷ್ಟು ತೀವ್ರ ಅಂತಲೇ ಲೆಕ್ಕ. ಆದರೆ ಅಂಕದ ಮೇಲೆ ವರದಿ ನಿಲ್ಲುವುದಿಲ್ಲ. ಯಾರು ಬೇಕಾದರೂ ಟಿಕ್ ಹಾಕಬಹುದು ಅಂತ ಓದುವ ಅಧಿಕಾರಿಗೂ ಗೊತ್ತು. ಒಂದೇ ಸಲ ನೋಡಿ ಬರೆದ ವರದಿಗೂ ತೂಕ ಕಡಿಮೆ. ಹಾಗಾಗಿ ವಾರ ಬಿಟ್ಟು ವಾರ ಕೂತು ಮಾತಾಡಿದೆವು.

ಅಂಥ ಒಂದು ದಿನ ವೀಣಾ ಹೇಳಿದ್ದು: ಮಗ ಹುಟ್ಟಿದ ಮೇಲೂ ಹೀಗೇ ಆಗಿತ್ತು. ಆಗ ಅಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ತೆಗೆದುಕೊಂಡಿದ್ದರು. ಗಂಡನಿಗೆ ಗೊತ್ತು. ಹುಬ್ಬಳ್ಳಿಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ 'ಹುಚ್ಚಿ ಗಂಟುಬಿದ್ದಳು' ಅನ್ನುತ್ತಾರೆ ಅನ್ನುವ ಹೆದರಿಕೆ.

ಈ ಪ್ರಕರಣದ ಮೊದಲ ತಿರುವು ಇದು. ವರದಿಯ ದೃಷ್ಟಿಯಿಂದ ಆ ಹಳೆಯ ಚಿಕಿತ್ಸೆಯ ದಾಖಲೆಗಿಂತ ಬೆಲೆಬಾಳುವ ಕಾಗದ ಇನ್ನೊಂದಿರಲಿಲ್ಲ. ಬಸವರಾಜ ದೇಶ ಬಿಡುವ ಎಷ್ಟೋ ಮೊದಲು, ಯಾವ ಅರ್ಜಿಯೂ ಇಲ್ಲದಾಗ ಬರೆದ ಟಿಪ್ಪಣಿಗಳು ಅವು. ಅರ್ಜಿಗೋಸ್ಕರ ಹುಟ್ಟಿದ ಕಾಯಿಲೆ ಅಂತ ಯಾರೂ ಅನ್ನಲು ಆಗುವುದಿಲ್ಲ. ಒಮ್ಮೆ ಬಂದ ಖಿನ್ನತೆ ಮತ್ತೆ ಬರುವ ಸಾಧ್ಯತೆಯೂ ಜಾಸ್ತಿ. ಆ ಸಲ ಅವರನ್ನು ಹಿಡಿದು ನಿಲ್ಲಿಸಿದ್ದು ಯಾರು? ರಾತ್ರಿ ಎದ್ದು ಮಗುವಿಗೆ ಹಾಲು ಕುಡಿಸಿದ ಗಂಡ. ಇದು ಆ ಟಿಪ್ಪಣಿಗಳಲ್ಲೇ ಇತ್ತು. ಇದು ಆ ಟಿಪ್ಪಣಿಗಳಲ್ಲೇ ಇತ್ತು.

ಆದರೆ ಅದು ವೀಣಾ ಅವರ ವಿಷಯ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಗೋಪ್ಯತೆಯನ್ನು ಹಕ್ಕು ಅಂತಲೇ ಹೇಳುತ್ತದೆ. ಸೇರಿಸಿದರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ, ಎರಡನ್ನೂ ಹೇಳಿ ಸುಮ್ಮನಾದೆ. ಅವರು ಕೆಲವು ದಿನ ಯೋಚಿಸಿ ಬಂದು ಒಂದೇ ಪ್ರಶ್ನೆ ಕೇಳಿದರು: "ವರದಿ ಯಾರ ಕೈಯಲ್ಲಿ ಹೋಗುತ್ತೆ?" ಸರಿಯಾದ ಪ್ರಶ್ನೆ. ಅಲ್ಲಿಯವರೆಗೆ ಎಲ್ಲ ಕಾಗದಗಳೂ ಅಣ್ಣನ ಅಂಗಡಿಯಲ್ಲಿ ಸ್ಕ್ಯಾನ್ ಆಗಿ ಹೋಗುತ್ತಿದ್ದವು. ಈ ವರದಿಯನ್ನು ನಾನೇ ನೇರವಾಗಿ ವಕೀಲರಿಗೆ ಕಳಿಸುವುದು, ಮನೆಗೆ ಪ್ರತಿ ಕೊಡದಿರುವುದು ಅಂತ ಬರವಣಿಗೆಯಲ್ಲೇ ಒಪ್ಪಂದ ಮಾಡಿಕೊಂಡೆವು. ಅದಾದ ಮೇಲೆ ಅಮೆರಿಕದ ಕ್ಲಿನಿಕ್‌ನಿಂದ ದಾಖಲೆ ತರಿಸಲು ಅವರು ಸಹಿ ಹಾಕಿದರು.

ಚಿಕಿತ್ಸೆ ತಡೆಯಿರಿ ಅಂದಾಗ

ಇನ್ನೊಂದು ಭೇಟಿಯಲ್ಲಿ ವೀಣಾ, ಬೆಳಿಗ್ಗೆ ಏಳದಿದ್ದರೇ ಚೆನ್ನಾಗಿತ್ತು ಅನಿಸುತ್ತದೆ ಅಂದರು. ಜೀವ ತೆಗೆದುಕೊಳ್ಳುವ ಯೋಜನೆ ಇರಲಿಲ್ಲ, ಅದನ್ನು ಬಿಡಿಸಿ ಬಿಡಿಸಿ ಕೇಳಿದೆ. ಹಾಗಿದ್ದರೂ ಇಂಥ ಮಾತನ್ನು ಬರೀ ವರದಿಯ ಸಾಲಾಗಿ ಬರೆದುಕೊಂಡು ಕೂರಲಾಗದು. ಆವತ್ತೇ ಮನೋವೈದ್ಯರೊಬ್ಬರಿಗೆ ಫೋನ್ ಮಾಡಿ ಸಮಯ ಕೇಳಿದೆ. ರಾತ್ರಿ ತಡೆಯದ ಹಾಗೆ ಆದರೆ ಏನು ಮಾಡಬೇಕು, ಯಾರನ್ನು ಎಬ್ಬಿಸಬೇಕು ಅಂತ ಕೂತು ಬರೆದೆವು. ಟೆಲಿ-ಮಾನಸ್ ಸಹಾಯವಾಣಿ 14416 ಅವರ ಫೋನಿನಲ್ಲಿ ಸೇವ್ ಆಯಿತು.

ಮರುದಿನ ಅಣ್ಣ ಫೋನ್ ಮಾಡಿದರು. ವೀಣಾಗೆ ಮಾತ್ರೆ ಶುರುವಾಗುತ್ತದೆ ಅನ್ನುವುದು ಅವರಿಗೆ ತಿಳಿದಿತ್ತು. ಅವರ ದನಿಯಲ್ಲಿ ಕೆಟ್ಟತನ ಇರಲಿಲ್ಲ, ಗಾಬರಿ ಇತ್ತು. "ಮೇಡಂ, ಈಗ ಗುಳಿಗಿ ತಗೊಂಡು ಅಕಿ ಆರಾಮ ಆಗಿಬಿಟ್ರ ಕೇಸ್ ಹೆಂಗ ನಿಂದರತದರೀ? ರಿಪೋರ್ಟ್ ಹೋಗೂ ತನಕ ಸ್ವಲ್ಪ ತಡೀರಿ. ಆಮ್ಯಾಲೆ ನಾವ ಕರಕೊಂಡ ಹೋಗತೇವಿ."

ಈ ಮಾತು ನಾನು ಬೇರೆ ಮನೆಗಳಿಂದಲೂ ಕೇಳಿದ್ದೇನೆ. ಇನ್ನೂ ಕೇಳುತ್ತೇನೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೊದಲನೆಯದಾಗಿ, ಯಾವ ಅರ್ಜಿಗಾಗಿಯೂ ಒಬ್ಬರ ನೋವನ್ನು ಹಸಿಯಾಗಿ ಇಡುವ ಹಕ್ಕು ನಮಗಿಲ್ಲ. ವರದಿ ಹೋಗುವವರೆಗೆ ಅಂದರೆ ಎಷ್ಟು ದಿನ? ಉತ್ತರ ಬರಲು ವರ್ಷಕ್ಕಿಂತ ಜಾಸ್ತಿ ಹಿಡಿಯಬಹುದು. ಅಲ್ಲಿಯವರೆಗೆ ಆ ತಾಯಿ, ಆ ಮಗು? ಎರಡನೆಯದು, ಅವರ ಲೆಕ್ಕವೇ ತಲೆಕೆಳಗಾಗಿತ್ತು. ನಿಜವಾಗಿ ನರಳುವವರು ಚಿಕಿತ್ಸೆ ಹುಡುಕುತ್ತಾರೆ. ಇಷ್ಟು ಕಷ್ಟ ಅಂತ ಬರೆದು, ಒಂದು ಮಾತ್ರೆಯನ್ನೂ ತೆಗೆದುಕೊಂಡಿಲ್ಲ ಅಂದರೆ ಅಧಿಕಾರಿಗೆ ಅನುಮಾನ ಬರುವುದು ಸಹಜ. ಮನೋವೈದ್ಯರ ಚೀಟಿ, ಔಷಧ ಅಂಗಡಿಯ ಬಿಲ್ಲು, ಮರುಭೇಟಿಯ ದಿನಾಂಕ ಇವೆಲ್ಲ ಸಾಕ್ಷಿಯೇ. ಔಷಧದಿಂದ ನಿದ್ದೆ ಬಂತು, ಹಸಿವು ಬಂತು, ಆದರೆ ಗಂಡನನ್ನು ಬಿಟ್ಟು ಹೋಗುವ ದಿನ ಹತ್ತಿರವಾದಂತೆ ಮತ್ತೆ ಕುಸಿದರು ಅನ್ನುವುದು ದಾಖಲಾದರೆ, ಕಷ್ಟದ ಕಾರಣ ಏನು ಅನ್ನುವುದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ವೀಣಾ ಅವರ ಒಪ್ಪಿಗೆಯಿಂದ ವಕೀಲರಿಗೂ ತಿಳಿಸಿದೆ. ವಕೀಲರು ಒಂದು ಕ್ಷಣವೂ ತಡೆಯದೆ ಚಿಕಿತ್ಸೆ ಮೊದಲು ಅಂದರು. ಅದೇ ವಾರ ಔಷಧ ಶುರುವಾಯಿತು. ಆಪ್ತಸಮಾಲೋಚನೆಗೆ ಬೇರೊಬ್ಬರನ್ನು ಗೊತ್ತುಮಾಡಿದೆವು. ಮೌಲ್ಯಮಾಪನ ಮಾಡುವವರೇ ಚಿಕಿತ್ಸೆಯನ್ನೂ ಮಾಡಿದರೆ ಎರಡೂ ಕೆಡುತ್ತವೆ. ವೀಣಾ ನನ್ನ ಹತ್ತಿರವೇ ಮುಂದುವರಿಯಲು ಕೇಳಿದ್ದರು. ಬೇಡ ಅನ್ನಲು ಕಷ್ಟವಾಯಿತು, ಆದರೂ ಬೇಡ ಅಂದೆ.

'ಸ್ವಲ್ಪ ಜೋರು ಬರೀರಿ'

ವರದಿ ಬರೆಯುವ ಹೊತ್ತಿಗೆ ಎರಡು ಕಡೆಯಿಂದ ಒತ್ತಡ ಬಂತು. ಅಣ್ಣ, "ಸ್ವಲ್ಪ ಜೋರು ಬರೀರಿ, ವೀಸಾ ಆದ್ರ ನಿಮ್ಮ ಫೀಸ್ ಬಿಟ್ಟು ಮ್ಯಾಲೆ ಕೊಡತೇವಿ" ಅಂದರು. ಫೀಸು ಫಲಿತಾಂಶಕ್ಕೆ ಅಂಟಿಕೊಂಡರೆ ವರದಿಗೆ ಕವಡೆ ಬೆಲೆಯೂ ಇರುವುದಿಲ್ಲ. ಮೊದಲೇ ಹೇಳಿದ ಫೀಸು, ಅಷ್ಟೇ ಅಂದೆ. ವಕೀಲರ ಪತ್ರದಲ್ಲೂ ಎರಡು ಸೂಚನೆ ಇದ್ದವು: ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ, ಇದೆಯೇ ನೋಡಿ, ಮತ್ತು ಆ ಭಾಗದಲ್ಲಿ ಮಾನಸಿಕ ಚಿಕಿತ್ಸೆ ಸಿಗುವುದಿಲ್ಲ ಅನ್ನುವುದನ್ನು ನಮೂದಿಸಿ.

ಪಿಟಿಎಸ್‌ಡಿ ಇರಲಿಲ್ಲ. ಲಕ್ಷಣಗಳನ್ನು ಒಂದೊಂದಾಗಿ ನೋಡಿ, ಇಲ್ಲ ಅಂತಲೇ ಬರೆದೆ. ಇಲ್ಲದ್ದನ್ನು ಇಲ್ಲ ಅಂತ ಬರೆದಿದ್ದರೆ, ಇದೆ ಅಂದದ್ದನ್ನು ಓದುಗ ನಂಬುತ್ತಾನೆ. ಮರುಕಳಿಸಿದ ಖಿನ್ನತೆ, ಮಧ್ಯಮ ತೀವ್ರತೆ ಅನ್ನುವುದು ನನ್ನ ನಿರ್ಣಯವಾಗಿತ್ತು. ಮಾನಸಿಕ ಕಾಯಿಲೆ ಗುರುತಿಸಲು ಅಲ್ಲಿನವರು ಬಳಸುವ ಡಿಎಸ್‌ಎಂ-5-ಟಿಆರ್ ಅನ್ನುವ ಕೈಪಿಡಿಯ ಪ್ರಕಾರವೂ, ನಮ್ಮಲ್ಲಿ ಬಳಸುವ ಐಸಿಡಿ ಅನ್ನುವ ಕಾಯಿಲೆಗಳ ಪಟ್ಟಿಯ ಪ್ರಕಾರವೂ ಬರೆದೆ.

ಚಿಕಿತ್ಸೆ ಸಿಗುವುದಿಲ್ಲ ಅನ್ನುವ ಮಾತನ್ನು ಧಾರವಾಡದಲ್ಲಿ ಕೂತು ನಾನು ಹೇಗೆ ಬರೆಯಲಿ? ಬ್ರಿಟಿಷರ ಕಾಲದಿಂದ ಇಲ್ಲಿ ಮಾನಸಿಕ ಆಸ್ಪತ್ರೆ ಇದೆ. ಇವತ್ತು ಅದೇ ಡಿಮ್ಹಾನ್ಸ್. ಸುತ್ತಲಿನ ಜಿಲ್ಲೆಗಳ ಜನ ಅಲ್ಲಿಗೇ ಬರುತ್ತಾರೆ. ಅಧಿಕಾರಿ ಇಂಟರ್‌ನೆಟ್‌ನಲ್ಲಿ ಒಮ್ಮೆ ಹುಡುಕಿದರೆ ಸಾಕು, ಆ ಒಂದು ಸುಳ್ಳು ಉಳಿದ ಪುಟಗಳನ್ನೂ ಮುಳುಗಿಸುತ್ತದೆ. ನಾನು ಬರೆದದ್ದು ಬೇರೆ. ಚಿಕಿತ್ಸೆ ಇಲ್ಲಿದೆ, ವೀಣಾ ಅದನ್ನು ತೆಗೆದುಕೊಳ್ಳುತ್ತಿದ್ದಾರೆ. ಆದರೆ ಹಿಂದಿನ ಸಲ ಅವರನ್ನು ಗುಣಮಾಡಿದ ಥೆರಪಿಸ್ಟ್, ಅವರ ತಾಯಿ, ಅವರ ಕೆಲಸ ಮೂರೂ ಅಲ್ಲಿವೆ.

ಈ ವಿನಾಯಿತಿಯಲ್ಲಿ ನೋಡುವ ಸನ್ನಿವೇಶ ಎರಡು. ಗಂಡನನ್ನು ಬಿಟ್ಟು ಅಮೆರಿಕದಲ್ಲೇ ಇದ್ದರೆ ಹೆಂಡತಿಗೆ ಏನಾಗುತ್ತದೆ? ಗಂಡನ ಜೊತೆ ಬಂದು ಇಲ್ಲೇ ನೆಲೆಸಿದರೆ ಏನಾಗುತ್ತದೆ? ನಾನು ಓದಿದ ಮಾದರಿ ವರದಿಗಳಲ್ಲಿ ಹೆಚ್ಚಿನವು ಮೊದಲನೆಯದನ್ನು ಮಾತ್ರ ಬರೆದು ಮುಗಿಸುತ್ತವೆ. ನಮ್ಮ ಕೈಯಲ್ಲಿ ಎರಡನೆಯದು ಕಣ್ಣೆದುರೇ ನಡೆಯುತ್ತಿತ್ತು. ವೀಣಾ ಆಗಲೇ ಹುಬ್ಬಳ್ಳಿಯಲ್ಲಿ ಬದುಕುತ್ತಿದ್ದರು.

ಅಗಲಿಕೆಯ ದುಃಖ, ದುಡ್ಡಿನ ತೊಂದರೆ, ಹೊಸ ಜಾಗಕ್ಕೆ ಹೊಂದಿಕೊಳ್ಳುವ ಕಷ್ಟ ಇವು ಎಲ್ಲರಿಗೂ ಇರುವುದೇ ಅಂತ ಅಲ್ಲಿನ ವಲಸೆ ಇಲಾಖೆ ಹೇಳುತ್ತದೆ. ಅಷ್ಟರಿಂದಲೇ ವಿಪರೀತ ಕಷ್ಟ ಆಗುವುದಿಲ್ಲ, ಎಲ್ಲವನ್ನೂ ಒಟ್ಟು ಸೇರಿಸಿ ತೂಗುತ್ತಾರೆ. ಆದ್ದರಿಂದ ಈ ಹೆಂಗಸಿಗೇ ಆಗಿರುವುದು ಏನು ಅನ್ನುವ ನಿರ್ದಿಷ್ಟ ಸಂಗತಿಗಳು ಬೇಕಿತ್ತು. ಮಗನಿಗೆ ಮಾತು ತಡವಾಗಿತ್ತು. ಅಲ್ಲಿ ಮೂರು ವರ್ಷ ತುಂಬಿದ ಮೇಲೆ ಅರ್ಹ ಮಕ್ಕಳಿಗೆ ಸರಕಾರಿ ಶಾಲಾ ವ್ಯವಸ್ಥೆಯೇ ಉಚಿತವಾಗಿ ವಾಕ್ ಚಿಕಿತ್ಸೆ ಕೊಡುತ್ತದೆ. ಅದು ಅರ್ಧಕ್ಕೆ ನಿಂತಿತ್ತು. ಮಗು ಕಲಿತಿದ್ದ ಕೆಲವು ಇಂಗ್ಲಿಷ್ ಪದಗಳನ್ನೂ ಆಡುವುದು ಬಿಟ್ಟಿತ್ತು. ಪ್ರತಿ ಸಂಜೆ ತಾಯಿ ಚಿತ್ರಗಳ ಕಾರ್ಡು ಹಿಡಿದು ಕೂರುತ್ತಿದ್ದರು, ಮಗು ಮುಖ ತಿರುಗಿಸುತ್ತಿತ್ತು, ತಾಯಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು. ಮಗುವಿನ ಕಷ್ಟ ತಾಯಿಯ ಮೂಲಕ ಬರಬೇಕು ಅಂದೆನಲ್ಲ, ಅದು ಹೀಗೆ.

ಅತ್ಯಂತ ಗಟ್ಟಿ ಸಾಕ್ಷಿ ಬಂದದ್ದು ಅತ್ತೆಯಿಂದ. ವೀಣಾ ಒಪ್ಪಿದ ಮೇಲೆ ಅವರ ಜೊತೆ ಪ್ರತ್ಯೇಕವಾಗಿ ಮಾತಾಡಿದೆ. ಹಳೆಯ ಕಾಯಿಲೆಯ ಸುದ್ದಿ ಎತ್ತಲಿಲ್ಲ, ಮನೆಯಲ್ಲಿ ಏನು ಕಾಣುತ್ತೀರಿ ಅಂತಷ್ಟೇ ಕೇಳಿದೆ. "ರೊಟ್ಟಿ ಮಾಡಾಕ ಕುಂತ್ರ ಹಂಗ ಕುಂತಬಿಡತಾಳ್ರೀ. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಹೊಗಿ ಎದ್ರೂ ಗೊತ್ತಾಗಂಗಿಲ್ಲ. ಮೊದಲ ಬಂದಾಗ ನನಗಿಂತ ಚಲೋ ತಟ್ಟತಿದ್ಲು." ಬರಬರುತ್ತಾ ಏನು ಕಳೆದುಹೋಯಿತು ಅನ್ನುವುದು ಆ ಮಾತಿನಲ್ಲಿದೆ. ಜೋರಾದ ವಿಶೇಷಣಗಳೆಲ್ಲ ಸೇರಿದರೂ ಅಷ್ಟು ಹೇಳಲಾರವು. ಆ ಮಾತನ್ನು ಕನ್ನಡದಲ್ಲೇ ಬರೆಸಿ, ಇಂಗ್ಲಿಷ್ ಅನುವಾದವನ್ನು ಅನುವಾದಕರ ದೃಢೀಕರಣದ ಸಮೇತ ಸೇರಿಸಿದೆವು. ಇಂಗ್ಲಿಷಲ್ಲದ ಯಾವ ಕಾಗದಕ್ಕೂ ಅಲ್ಲಿ ಅದು ಕಡ್ಡಾಯ. ನಮ್ಮಂಥ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನನ್ನ ನೋಂದಣಿ ಏನು, ಅದಕ್ಕೆ ಏನು ಓದಿರಬೇಕು ಅನ್ನುವುದನ್ನೂ ಒಂದು ಪ್ಯಾರಾದಲ್ಲಿ ವಿವರಿಸಿದೆ. ಅಮೆರಿಕದಲ್ಲಿ ಕೂತ ಅಧಿಕಾರಿಗೆ ಅದು ಹೇಗೆ ಗೊತ್ತಿರಬೇಕು?

ಮುಂದೆ ಏನಾಯಿತು

ಅರ್ಜಿ ಹೋಯಿತು. ರಜೆ ಮುಗಿದು ವೀಣಾ ಮಗನ ಜೊತೆ ವಾಪಸ್ ಹೋದರು. ಹಲವು ತಿಂಗಳ ನಂತರ ಇಲಾಖೆಯಿಂದ ಪತ್ರ ಬಂತು: ಈಗಿನ ಸ್ಥಿತಿಯ ಬಗ್ಗೆ ಹೊಸ ಸಾಕ್ಷಿ ಕೊಡಿ, ಇಂಥ ದಿನದೊಳಗೆ.

ವೀಡಿಯೋ ಕಾಲ್‌ನಲ್ಲಿ ನೋಡಿ ನೀವೇ ಹೊಸ ವರದಿ ಬರೆಯಿರಿ ಅಂತ ಮನೆಯವರು ಕೇಳಿದರು. ವೀಣಾ ಅವರಿಗೂ ಅದೇ ಇಷ್ಟವಿತ್ತು. ಆದರೆ ಅಮೆರಿಕದಲ್ಲಿ ಸೈಕಾಲಜಿಸ್ಟ್ ಲೈಸೆನ್ಸು ಆಯಾ ರಾಜ್ಯದ್ದು. ಆ ರಾಜ್ಯದಲ್ಲಿ ಕೂತವರನ್ನು ಧಾರವಾಡದಿಂದ ಮೌಲ್ಯಮಾಪನ ಮಾಡಲು ನನಗೆ ಅಧಿಕಾರವಿಲ್ಲ. ಅಲ್ಲಿನ ಸೈಕಾಲಜಿಸ್ಟ್ ಒಬ್ಬರಿಗೆ, ವೀಣಾ ಅವರ ಒಪ್ಪಿಗೆ ಪಡೆದು, ನನ್ನ ಟಿಪ್ಪಣಿಗಳ ಸಾರಾಂಶ ಕಳಿಸಿದೆ. ಅವರು ಹೊಸದಾಗಿ ನೋಡಿ ಬರೆದರು. ಮಗುವಿನ ವಾಕ್ ಚಿಕಿತ್ಸೆ ಮತ್ತೆ ಶುರುವಾಗಿತ್ತು, ಮಾತು ಚೇತರಿಸುತ್ತಿತ್ತು. ವೀಣಾ ಅವರ ಖಿನ್ನತೆ ಮಾತ್ರ ಔಷಧ ನಡೆಯುತ್ತಿದ್ದರೂ ಹೆಚ್ಚಾಗಿತ್ತು. ಹೀಗೆ ಒಂದು ವರದಿ ಇಲ್ಲಿ ನೆಲೆಸಿದಾಗಿನದ್ದು, ಇನ್ನೊಂದು ಅಗಲಿದಾಗಿನದ್ದು ಆಯಿತು. ಎರಡನ್ನೂ ಇಬ್ಬರು ಬೇರೆ ಬೇರೆ ಜನ, ಕಣ್ಣಾರೆ ಕಂಡು ಬರೆದಿದ್ದರು.

ವಿನಾಯಿತಿ ಮಂಜೂರಾಯಿತು. ಮಂಜೂರಾತಿ ಪತ್ರದಲ್ಲಿ ಯಾವ ಸಾಕ್ಷಿಗೆ ಎಷ್ಟು ತೂಕ ಕೊಟ್ಟರು ಅಂತ ಬರೆದಿರಲಿಲ್ಲ. ಆದ್ದರಿಂದ ನಮ್ಮ ವರದಿಯಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ವಕೀಲರು ಆದಾಯದ ದಾಖಲೆ, ಶಾಲೆಯ ಪತ್ರ, ವೀಣಾ ಅವರ ತಾಯಿಯ ಹೇಳಿಕೆ ಎಲ್ಲವನ್ನೂ ಇಟ್ಟಿದ್ದರು. ಬಸವರಾಜ ಈಗ ಅಲ್ಲಿದ್ದಾರೆ. ವೀಣಾ ಇನ್ನೂ ಥೆರಪಿಗೆ ಹೋಗುತ್ತಾರೆ. ಗಂಡ ಬಂದ ದಿನವೇ ಖಿನ್ನತೆ ಹೋಗಿಬಿಡುತ್ತದೆ ಅಂತ ಯಾರೂ ಅವರಿಗೆ ಮಾತು ಕೊಟ್ಟಿರಲಿಲ್ಲ.

ಇಂಥ ಕೇಸು ಬಂದರೆ ಈಗ ನಾನು ಫೋನಿನಲ್ಲೇ ಕೆಲವನ್ನು ಕೇಳುತ್ತೇನೆ. ಅರ್ಜಿ ಯಾವುದು, ಯಾರ ಕಷ್ಟ ತೋರಿಸಬೇಕಿದೆ, ಅವರು ಈಗ ಯಾವ ದೇಶದಲ್ಲಿದ್ದಾರೆ. ವರದಿಯ ಪ್ರತಿ ಯಾರಿಗೆ ಹೋಗಬೇಕು ಅನ್ನುವುದನ್ನು ಮೊದಲ ಭೇಟಿಯಲ್ಲೇ, ಮನೆಯವರನ್ನು ಹೊರಗೆ ಕೂರಿಸಿ, ಅವರೊಬ್ಬರನ್ನೇ ಕೇಳಿ ಬರೆದುಕೊಳ್ಳುತ್ತೇನೆ. ಚಿಕಿತ್ಸೆ ಬೇಕಿದ್ದವರಿಗೆ ಮನೋವೈದ್ಯರ ಭೇಟಿಯ ದಿನ ಗೊತ್ತುಮಾಡಿದ ಮೇಲೆಯೇ ವರದಿಯ ದಿನಾಂಕದ ಮಾತು.